ಚಿತ್ರದೊಳಗೇ ಗುರುತು ಬಚ್ಚಿಡಿ, ಚಿತ್ರ ಕೆಡಿಸಬೇಡಿ

ಚಿತ್ರವನ್ನು ಯಾರಾದರೂ ತಿದ್ದಿದ್ದಾರಾ ಅಂತ ಪತ್ತೆ ಹಚ್ಚಲು ಅದರೊಳಗೇ ಒಂದು ಗುರುತು ಬಚ್ಚಿಡಬಹುದು. ಆದರೆ ಬಚ್ಚಿಟ್ಟಾಗ ಚಿತ್ರ ಒಂಚೂರು ಬದಲಾಗುತ್ತದೆ, ಎಕ್ಸ್‌ರೇಯಂಥ ಚಿತ್ರಕ್ಕೆ ಅಷ್ಟೂ ಆಗಬಾರದು. ರಿವರ್ಸಿಬಲ್ ಡೇಟಾ ಹೈಡಿಂಗ್ ಇರುವುದೇ ಇದಕ್ಕೆ: ಗುರುತು ಹೊರತೆಗೆದ ಕೂಡಲೇ ಮೂಲ ಚಿತ್ರ ಇದ್ದಹಾಗೇ ವಾಪಸ್ ಬರುತ್ತದೆ. ವಿಧಾನಗಳು ಹಲವಾರಿವೆ. ಹೊಸಬರು 2006ರ ಹಿಸ್ಟೋಗ್ರಾಮ್ (ಯಾವ ಹೊಳಪು ಎಷ್ಟು ಪಿಕ್ಸೆಲ್‌ಗಳಲ್ಲಿದೆ ಎಂಬ ಎಣಿಕೆ) ಸರಿಸುವ ವಿಧಾನವನ್ನೇ ಹಿಡಿಯಿರಿ.

ಮೊದಲು 8 ಬಿಟ್‌ನ ಕಪ್ಪು-ಬಿಳುಪು ಚಿತ್ರವೊಂದನ್ನು ಪಿಎನ್‌ಜಿ ರೂಪದಲ್ಲಿ ತೆಗೆದುಕೊಳ್ಳಿ. ಜೆಪೆಗ್ ಬೇಡವೇ ಬೇಡ, ಅದು ಕುಗ್ಗಿಸುವಾಗ ಪಿಕ್ಸೆಲ್‌ಗಳನ್ನೇ ಬದಲಿಸಿಬಿಡುತ್ತದೆ.

ಆಮೇಲೆ ಗುರುತು ತಯಾರಿಸಿ. ಬರೀ ಹ್ಯಾಶ್ (ಚಿತ್ರದಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಚಿಕ್ಕ ಸಂಖ್ಯೆ) ಸಾಲದು. ತಿದ್ದಿದವನೇ ಹೊಸ ಹ್ಯಾಶ್ ಲೆಕ್ಕ ಹಾಕಿ ತುಂಬಿಬಿಡಬಹುದು ಅಲ್ವಾ? ಗುಟ್ಟಿನ ಕೀಲಿ ಬಳಸುವ ಎಚ್‌ಮ್ಯಾಕ್-ಎಸ್‌ಎಚ್‌ಎ256 ಹಾಕಿ, 256 ಬಿಟ್ ಸಿಗುತ್ತದೆ. ಇದನ್ನು ಏನನ್ನೂ ಬಚ್ಚಿಡುವ ಮುಂಚೆ, ಮೂಲ ಚಿತ್ರದ ಮೇಲೇ ಲೆಕ್ಕ ಹಾಕಬೇಕು.

ಜನ ಎಡವುವುದು ಮುಂದಿನ ಹಂತದಲ್ಲಿ. ಪ್ರತಿ ಪಿಕ್ಸೆಲ್‌ನ ಹೊಳಪು ಒಂದು ಸಂಖ್ಯೆ, 0 ಅಂದರೆ ಕಪ್ಪು, 255 ಅಂದರೆ ಬಿಳಿ. 0ಯಿಂದ 255ರವರೆಗೆ ಯಾವ ಸಂಖ್ಯೆ ಎಷ್ಟು ಪಿಕ್ಸೆಲ್‌ಗಳಲ್ಲಿದೆ ಅಂತ ಎಣಿಸಿ. ಅತಿ ಹೆಚ್ಚು ಇರುವುದು 154, ಒಂದೂ ಇಲ್ಲದ್ದು 200 ಅಂದುಕೊಳ್ಳಿ. 155ರಿಂದ 199ರವರೆಗಿನ ಪಿಕ್ಸೆಲ್‌ಗಳಿಗೆಲ್ಲ 1 ಕೂಡಿಸಿ. ಈಗ 155 ಖಾಲಿ. ಚಿತ್ರವನ್ನು ಸಾಲುಸಾಲಾಗಿ ಓದುತ್ತಾ ಹೋಗಿ, 154 ಸಿಕ್ಕಾಗೆಲ್ಲ ಗುರುತಿನ ಮುಂದಿನ ಬಿಟ್ ನೋಡಿ: 0 ಆದರೆ ಮುಟ್ಟಬೇಡಿ, 1 ಆದರೆ 155 ಮಾಡಿ. ಅಷ್ಟೇ.

ಖಾಲಿ ಸಂಖ್ಯೆ ಹುಡುಕುವ ಗೋಜೇ ಬೇಡ ಅಂತ 154ರ ಮೇಲಿನದ್ದಕ್ಕೆಲ್ಲ 1 ಕೂಡಿಸುವ ಕೋಡ್‌ಗಳೂ ಓಡಾಡುತ್ತಿವೆ. ಅವನ್ನು ನಂಬಬೇಡಿ. 8 ಬಿಟ್‌ನಲ್ಲಿ 255ಕ್ಕೆ 1 ಸೇರಿದರೆ 0 ಆಗುತ್ತದೆ, ಬಿಳಿ ಜಾಗದಲ್ಲೆಲ್ಲ ಕರಿ ಚುಕ್ಕೆಗಳು ಏಳುತ್ತವೆ.

ಖಾಲಿ ಸಂಖ್ಯೆ ನಿಜವಾಗಿಯೂ ಇಲ್ಲದಿದ್ದರೆ? ಅತಿ ಕಡಿಮೆ ಇರುವುದನ್ನು ಆರಿಸಿ. 200 ಏಳು ಕಡೆ ಇದೆ ಅನ್ನಿ. 199 ಇದ್ದದ್ದೂ ಈಗ 200 ಆಗುವುದರಿಂದ ಎರಡೂ ಬೆರೆತುಹೋಗುತ್ತವೆ, ಹಾಗಾಗಿ ಆ ಏಳು ಜಾಗಗಳನ್ನು ಬರೆದಿಟ್ಟು ಗುರುತಿನ ಜೊತೆಗೇ ಬಚ್ಚಿಡಬೇಕು. 512×512 ಚಿತ್ರದಲ್ಲಿ ಒಂದು ಜಾಗಕ್ಕೆ 18 ಬಿಟ್, ಏಳಕ್ಕೆ 126. ಅಲ್ಲಿಗೆ ಒಟ್ಟು 382. 154 ಇರುವ ಪಿಕ್ಸೆಲ್‌ಗಳು ಇಷ್ಟಾದರೂ ಇರಬೇಕು, ಇಲ್ಲದಿದ್ದರೆ ಗುರುತು ಅರ್ಧಕ್ಕೇ ನಿಲ್ಲುತ್ತದೆ.

154, 200 ಎಂಬ ಎರಡು ಸಂಖ್ಯೆಗಳನ್ನು ಕೀಲಿಯ ಜೊತೆ ಬೇರೆ ದಾರಿಯಲ್ಲಿ ಕಳಿಸಿ. ಚಿತ್ರದಲ್ಲೇ ಅಡಗಿಸುವ ಉಪಾಯಗಳಿವೆ, ಆದರೆ ಶುರುವಿನಲ್ಲೇ ಆ ತಲೆನೋವು ಯಾಕೆ? ಚಿತ್ರವನ್ನು ಮಾತ್ರ ಫೋಟೊ ಕುಗ್ಗಿಸುವ ಮೆಸೇಜಿಂಗ್ ಆ್ಯಪ್‌ನಲ್ಲಿ ಕಳಿಸಬೇಡಿ. ಯಾರೂ ತಿದ್ದದಿದ್ದರೂ ಪರೀಕ್ಷೆ ಫೇಲ್ ಆಗುತ್ತದೆ.

ಪಡೆದವರು ಇದನ್ನೇ ಉಲ್ಟಾ ಮಾಡಬೇಕು. 154 ಅಂದರೆ 0, 155 ಅಂದರೆ 1. ಬಿಟ್ ಓದಿಕೊಂಡು 155ನ್ನು ಮತ್ತೆ 154 ಮಾಡಿ, 156ರಿಂದ 200ರವರೆಗಿನದ್ದರಲ್ಲಿ 1 ಕಳೆಯಿರಿ, ಬರೆದಿಟ್ಟ ಏಳು ಜಾಗ ಬಿಟ್ಟು. ಹೀಗೆ ಸಿಕ್ಕ ಚಿತ್ರಕ್ಕೆ ಎಚ್‌ಮ್ಯಾಕ್ ಹಾಕಿ ಹೋಲಿಸಿ. ಗುರುತು ಇನ್ನೂ ಒಳಗಿರುವ ಚಿತ್ರಕ್ಕೇ ಎಚ್‌ಮ್ಯಾಕ್ ಹಾಕಿ "ಹೊಂದುತ್ತಿಲ್ಲ" ಅಂತ ಗೋಳಾಡುವವರೇ ಜಾಸ್ತಿ.

ಕೋಡ್ ಸರಿ ಇದೆಯಾ ಅಂತ ಕಣ್ಣಳತೆಯಲ್ಲಿ ನೋಡಬೇಡಿ. ಪಿಎಸ್‌ಎನ್‌ಆರ್ (ಗುರುತು ಬಚ್ಚಿಟ್ಟ ಚಿತ್ರ ಮೂಲಕ್ಕೆ ಎಷ್ಟು ಹತ್ತಿರ ಎಂಬ ಅಳತೆ) 48 ಡೆಸಿಬೆಲ್ ದಾಟಿತು ಅಂತಲೂ ಬೀಗಬೇಡಿ, ಈ ವಿಧಾನದಲ್ಲಿ ಅದು ಹೇಗಿದ್ದರೂ ದಾಟುತ್ತದೆ. ಮೂಲ ಚಿತ್ರವನ್ನೂ ವಾಪಸ್ ಬಂದದ್ದನ್ನೂ ಒಂದೊಂದು ಪಿಕ್ಸೆಲ್ ಹೋಲಿಸಿ, ವ್ಯತ್ಯಾಸ ಸೊನ್ನೆಯೇ ಬರಬೇಕು.

ತಿದ್ದಿದ್ದು ಎಲ್ಲಿ ಅಂತಲೂ ಗೊತ್ತಾಗಬೇಕಾದರೆ ಚಿತ್ರವನ್ನು ಚೌಕಗಳಾಗಿ ಕತ್ತರಿಸಿ ಒಂದೊಂದಕ್ಕೂ ಬೇರೆ ಗುರುತು ಹಾಕಿ. ಚೌಕ ತೀರಾ ಚಿಕ್ಕದಾದರೆ ಮಾತ್ರ 256 ಬಿಟ್‌ಗೆ ಜಾಗ ಸಾಲುವುದಿಲ್ಲ.