ದಕ್ಕೆಯಲ್ಲಿ ಮೊದಲು ಕಿವಿ, ಆಮೇಲೆ ಕ್ಯಾಮೆರಾ

ಫಿಲ್ಮ್ ಕೋರ್ಸಿಗೆ ಹೊಸದಾಗಿ ಸೇರಿದವರು ಸಿಕ್ಕರೆ ಮೊದಲು ಕೇಳುವುದು, ಯಾವ ಕ್ಯಾಮೆರಾ ತಗೊಳ್ಳಲಿ ಅಂತ. ಕ್ಯಾಮೆರಾ ಕಾಲೇಜಿನದ್ದೇ ಸಾಕು, ದುಡ್ಡಿದ್ದರೆ ಒಳ್ಳೆಯ ಹೆಡ್‌ಫೋನ್ ತಗೊಳ್ಳಿ ಅನ್ನುತ್ತೇನೆ. ಮಂಗಳೂರಿನ ದಕ್ಕೆಯಲ್ಲಿ, ಅಂದರೆ ಮೀನು ಬೋಟುಗಳು ಬಂದು ನಿಲ್ಲುವ ಬಂದರಿನಲ್ಲಿ, ಮೀನು ಮಾರುವ ಹೆಂಗಸರ ಬಗ್ಗೆ ಡಾಕ್ಯುಮೆಂಟರಿ ಮಾಡುವಾಗ ಇದು ನನಗೆ ಗಟ್ಟಿಯಾಯಿತು. ಚಿತ್ರ ಸ್ವಲ್ಪ ಅಲುಗಾಡಿದರೂ ಜನ ನೋಡುತ್ತಾರೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ.

ಬೆಳಗಿನ ಜಾವ ದಕ್ಕೆಯಲ್ಲಿ ಶಬ್ದಕ್ಕೆ ಬರವಿಲ್ಲ. ಬೋಟಿನ ಡೀಸೆಲ್ ಇಂಜಿನ್, ಐಸ್ ಪುಡಿ ಮಾಡುವ ಮೆಷಿನ್, ಸಿಮೆಂಟು ನೆಲದ ಮೇಲೆ ಕ್ರೇಟು ಎಳೆಯುವ ಕರಕರ, ಮೇಲೆ ಕಾಗೆಗಳು. ಇದರ ನಡುವೆ ಏಲಂ ಕೂಗು. ಇಲ್ಲಿ ಮೈಕ್ ಬಾಯಿಗೆ ಎಷ್ಟು ಹತ್ತಿರವೋ ಮಾತು ಅಷ್ಟು ಸ್ಪಷ್ಟ. ದೂರ ಎರಡು ಪಟ್ಟಾದರೆ ದನಿ ಸುಮಾರು 6 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಇಳಿಯುತ್ತದೆ, ಸುತ್ತಲಿನ ಗಲಾಟೆ ಮಾತ್ರ ಹಾಗೇ ಇರುತ್ತದೆ. ಹಾಗಾಗಿ ಬೂಮ್ ಮೈಕನ್ನು, ಅಂದರೆ ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕನ್ನು, ಫ್ರೇಮಿನ ಅಂಚಿನವರೆಗೆ ಇಳಿಸಿ, ಎದೆಯ ಕಡೆ ತಿರುಗಿಸಿ ಹಿಡಿಯುತ್ತಿದ್ದೆವು. ಕಡಲ ಗಾಳಿಗೆ ಸ್ಪಂಜು ಸಾಲದು, ತುಪ್ಪಳದ ಕವರ್ ಬೇಕೇ ಬೇಕು. ಮಾಮೂಲಿ ಮಾತಿಗೆ ರೆಕಾರ್ಡರಿನ ಮೀಟರಿನಲ್ಲಿ ಲೆವೆಲ್ ಮೈನಸ್ 12 ಡಿಬಿ ಸುತ್ತಮುತ್ತ ಇದ್ದರೆ ಸರಿ. ಏಲಂ ಕೂಗುವವರಿಗೆ ಇನ್ನೂ ಇಳಿಸಬೇಕು. ಒಮ್ಮೆ ಒಡೆದ ದನಿಯನ್ನು ಎಡಿಟಿಂಗಿನಲ್ಲಿ ಪೂರ್ತಿ ಸರಿ ಮಾಡುವುದು ಆಗದ ಮಾತು.

ಕ್ಯಾಮೆರಾ ಬಗ್ಗೆ ಇಷ್ಟೇ: ನಮ್ಮ ಕರೆಂಟು 50 ಹರ್ಟ್ಸ್. ಸೆಕೆಂಡಿಗೆ 24 ಫ್ರೇಮಿನಲ್ಲಿ ಶಟರ್ 1/50 ಸೆಕೆಂಡ್ ಇಟ್ಟರೆ ಟ್ಯೂಬ್‌ಲೈಟ್ ಮಿಣುಗುವುದಿಲ್ಲ.

ದೊಡ್ಡ ಸಂದರ್ಶನವನ್ನು ದಕ್ಕೆಯಲ್ಲಿ ಮಾಡಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಆಗ ಮಾತಿಗೆ ಪುರುಸೊತ್ತು ಇರುತ್ತದೆ. ದಕ್ಕೆಯಲ್ಲಿ ಪರಿಚಯವಾದ ಅಕ್ಕನ ಮನೆಗೆ ಆಗ ಹೋದೆವು. ಮೊದಲು ಫ್ಯಾನ್, ಫ್ರಿಜ್ ಆಫ್. ಆಫ್ ಮಾಡಿದ ಕೂಡಲೇ ಬೈಕಿನ ಕೀಯನ್ನು ಫ್ರಿಜ್ಜಿನೊಳಗೆ ಇಡುತ್ತೇನೆ. ಸೌಂಡ್‌ನವರ ಹಳೇ ಉಪಾಯ ಇದು. ಹೊರಡುವಾಗ ಕೀ ಬೇಕಲ್ವಾ, ಫ್ರಿಜ್ ಆನ್ ಮಾಡಲು ಮರೆಯುವುದಿಲ್ಲ. ಅವರ ಮೀನು ಹಾಳಾದರೆ ನಾವು ಮತ್ತೆ ಆ ಮನೆಗೆ ಯಾವ ಮುಖ ಇಟ್ಟುಕೊಂಡು ಹೋಗುವುದು?

ಹಂಚಿನ ಮೇಲೆ ಬೀಳುವ ಮಳೆ ಇನ್ನೊಂದು ತೊಡಕು. ಮಳೆಯಲ್ಲಿ ಆಡಿದ ಎರಡು ಮಾತು ಕತ್ತರಿಸಿ ಜೋಡಿಸಿದರೆ, ನಡುವೆ ಮಳೆ ಥಟ್ಟನೆ ಬದಲಾದದ್ದು ಯಾರಿಗೂ ಗೊತ್ತಾಗುತ್ತದೆ. ಮಳೆ ಬಿಡುವವರೆಗೆ ಕಾದು ಮಾತು ತೆಗೆದೆವು. ಮಳೆಯನ್ನು ಬೇರೆಯೇ ರೆಕಾರ್ಡ್ ಮಾಡಿಕೊಂಡೆವು. ಕೊನೆಗೆ ಯಾರೂ ಉಸಿರೆತ್ತದೆ ಒಂದು ನಿಮಿಷ ಬರೀ ಕೋಣೆಯ ಸದ್ದು. ಎಡಿಟಿಂಗಿನಲ್ಲಿ ಮಾತಿನ ನಡುವಿನ ಖಾಲಿ ಜಾಗ ತುಂಬಲು ಅದೇ ಬೇಕು.

ಕನ್ನಡದಲ್ಲಿ ಕೇಳಿದಷ್ಟು ಹೊತ್ತು ಅಕ್ಕನ ಉತ್ತರ ಹೌದು, ಇಲ್ಲ, ಅಷ್ಟೇ. ತುಳುವಿಗೆ ತಿರುಗಿದ ಮೇಲೆ ಮಾತು ಬಂತು. ಒಂದು ಉತ್ತರ ಮುಗಿದಾಗ ಮುಂದಿನ ಪ್ರಶ್ನೆಗೆ ಹಾರದೆ ಸುಮ್ನೆ ಕೂತೆ. ಆಗಲೇ ಅವರು, ತಮ್ಮ ಅಮ್ಮ ತಲೆ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಹೋಗುತ್ತಿದ್ದ ಕಾಲದ ಕಥೆ ತೆಗೆದದ್ದು. ಚಿತ್ರ ಶುರುವಾಗುವುದು ಆ ದನಿಯಿಂದಲೇ. ದಕ್ಕೆಯ ದೃಶ್ಯಗಳನ್ನು ಆಮೇಲೆ ಅದರ ಮೇಲೆ ಜೋಡಿಸಿದೆವು.