ತೂಕ ನೋಡಲು ಶುರು ಮಾಡಿದ ಮೇಲೆ ನನ್ನ ಎಸ್ಪ್ರೆಸ್ಸೊ ಹದಕ್ಕೆ ಬಂತು

ಮಷೀನ್ ಮನೆಗೆ ಬಂದ ಮೊದಲ ಎರಡು ತಿಂಗಳು ಎಸ್ಪ್ರೆಸ್ಸೊ (ಬಿಸಿನೀರನ್ನು ಒತ್ತಡದಲ್ಲಿ ಪುಡಿಯ ಮೂಲಕ ಹಾಯಿಸಿ ತೆಗೆಯುವ ಗಟ್ಟಿ ಕಾಫಿ) ಒಂದು ದಿನ ಹುಳಿ, ಇನ್ನೊಂದು ದಿನ ಕಡುಕಹಿ. ಮಧ್ಯೆ ಒಮ್ಮೊಮ್ಮೆ ತುಂಬಾ ಚೆನ್ನಾಗಿ ಬರುತ್ತಿತ್ತು. ಆದರೆ ಯಾಕೆ ಚೆನ್ನಾಗಿ ಬಂತು ಅಂತ ಗೊತ್ತಾಗುತ್ತಿರಲಿಲ್ಲ, ಮರುದಿನ ಹಾಗೇ ಮಾಡಿದೆ ಅಂದುಕೊಂಡರೂ ಕೆಡುತ್ತಿತ್ತು. ತಪ್ಪು ಮಷೀನಿನದಲ್ಲ. ಪುಡಿಯನ್ನು ಚಮಚದಲ್ಲಿ ಹಾಕುತ್ತಿದ್ದೆ, ಕಪ್ ಎಷ್ಟು ತುಂಬಿತು ಅಂತ ಕಣ್ಣಳತೆಯಲ್ಲೇ ನೋಡಿ ನಿಲ್ಲಿಸುತ್ತಿದ್ದೆ. ದಿನಾ ಬೇರೆ ಅಳತೆ, ದಿನಾ ಬೇರೆ ರುಚಿ.

ಆಮೇಲೆ 0.1 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ ತಂದೆ. 18 ಗ್ರಾಂ ಪುಡಿ, ಕಪ್ಪಿಗೆ ಇಳಿಯುವ ಕಾಫಿ 36 ಗ್ರಾಂ, ಅದು ಇಳಿಯಲು 25ರಿಂದ 30 ಸೆಕೆಂಡ್. ಇದು ಎಲ್ಲರೂ ಹೇಳುವ ಲೆಕ್ಕ, ನಾನೂ ಇಲ್ಲಿಂದಲೇ ಶುರು ಮಾಡಿದೆ. ಕಪ್ಪನ್ನೂ ತಕ್ಕಡಿ ಮೇಲೇ ಇಡಿ, ಯಾಕೆಂದರೆ ಮೇಲಿನ ಕ್ರೆಮಾ ಅನ್ನುವ ನೊರೆ ಕಣ್ಣಿಗೆ ಮೋಸ ಮಾಡುತ್ತದೆ. ಹೊಸದಾಗಿ ಹುರಿದ ಬೀಜದಲ್ಲಿ ಗ್ಯಾಸ್ ಜಾಸ್ತಿ, ಹಾಗಾಗಿ ನೊರೆಯೂ ಜಾಸ್ತಿ. ಕಪ್ ಅರ್ಧ ತುಂಬಿದಂತೆ ಕಂಡರೂ ಒಳಗೆ ಕಾಫಿ ಇನ್ನೂ ಸ್ವಲ್ಪವೇ ಇರುತ್ತದೆ.

ತೂಕ ಒಂದೇ ಇಟ್ಟ ಮೇಲೆ ಬದಲಾಯಿಸಲು ಉಳಿದದ್ದು ಗ್ರೈಂಡರ್ ಮಾತ್ರ. ಮೊದಲ ಶಾಟ್ (ಒಂದು ಸಲಕ್ಕೆ ಇಳಿಸುವ ಎಸ್ಪ್ರೆಸ್ಸೊ) 12 ಸೆಕೆಂಡಿನಲ್ಲೇ ಸುರಿದು ಮುಗಿಯಿತು, ನೀರು ನೀರು, ಹುಳಿ. ಗ್ರೈಂಡರನ್ನು ಎರಡು ಕ್ಲಿಕ್, ಅಂದರೆ ಎರಡು ಹಂತ, ನುಣ್ಣಗೆ ಮಾಡಿದೆ, ಬದಲಾವಣೆಯೇ ಕಾಣಲಿಲ್ಲ! ಆಮೇಲೆ ಗೊತ್ತಾಯಿತು, ಗ್ರೈಂಡರ್ ಒಳಗೆ ಹಳೆ ಪುಡಿ ಉಳಿದಿರುತ್ತದೆ, ಮೊದಲು ಬರುವುದು ಅದೇ. ಈಗ ಕ್ಲಿಕ್ ಬದಲಾಯಿಸಿದಾಗಲೆಲ್ಲ ಎರಡು ಮೂರು ಗ್ರಾಂ ಬೀಜ ಹಾಕಿ ಓಡಿಸಿ, ಆ ಪುಡಿ ಚೆಲ್ಲಿಬಿಡುತ್ತೇನೆ. ನನ್ನ ಗ್ರೈಂಡರಿನಲ್ಲಿ ಇನ್ನೊಂದು ತೊಂದರೆ ಇತ್ತು. ಒಂದು ಕ್ಲಿಕ್ಕಿನಲ್ಲಿ 22 ಸೆಕೆಂಡ್, ಅದರ ಪಕ್ಕದ ಕ್ಲಿಕ್ಕಿನಲ್ಲಿ 34, ಮಧ್ಯದ್ದು ಸಿಗುವುದೇ ಇಲ್ಲ. ಆಗ 22ರ ಕ್ಲಿಕ್ಕಿನಲ್ಲೇ ಇಟ್ಟು ಪುಡಿಯನ್ನೇ ಅರ್ಧ ಗ್ರಾಂ ಜಾಸ್ತಿ ಹಾಕಿದೆ, 27ಕ್ಕೆ ಬಂತು. ಕ್ಲಿಕ್ ಇರುವ ಗ್ರೈಂಡರ್ ಇಟ್ಟುಕೊಂಡವರಿಗೆ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಸಮಯ ಸರಿಯಾದರೆ ಸಾಲದು, ಕುಡಿದು ನೋಡಬೇಕು. ಹುಳಿ ಮುಂದಿದ್ದರೆ ಇನ್ನೂ ನುಣ್ಣಗೆ ಮಾಡುತ್ತೇನೆ, ಇಲ್ಲವೇ ಕಪ್ಪಿಗೆ ನಾಲ್ಕು ಗ್ರಾಂ ಹೆಚ್ಚು ಇಳಿಸುತ್ತೇನೆ. ಕಹಿ ಮುಂದಿದ್ದರೆ ಅದರ ಉಲ್ಟಾ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ, ಅಲ್ವಾ?

ನನ್ನನ್ನು ಜಾಸ್ತಿ ದಿನ ಕಾಡಿದ್ದು ಹುಳಿ, ಕಹಿ ಎರಡೂ ಒಟ್ಟಿಗೆ ಬರುವ ಶಾಟ್. ಜೊತೆಗೆ ನಾಲಿಗೆ ಒಣಗಿಸುವ ಒಗರು. ಪುಡಿ ಒಂದು ಕಡೆ ದಟ್ಟ, ಇನ್ನೊಂದು ಕಡೆ ಸಡಿಲ ಇದ್ದರೆ ನೀರು ಸಡಿಲ ಇರುವ ಕಡೆಯೇ ನುಗ್ಗುತ್ತದೆ. ಅಲ್ಲಿನ ಪುಡಿಯಿಂದ ಸಾರ ಅತಿಯಾಗಿ ಇಳಿಯುತ್ತದೆ, ಉಳಿದದ್ದು ಅರೆಬರೆ. ಒಂದು ಬಿರಡೆಗೆ ನಾಲ್ಕು ತೆಳು ಸೂಜಿ ಚುಚ್ಚಿ, ಬಾಸ್ಕೆಟ್ಟಿನ (ಪುಡಿ ತುಂಬುವ ತೂತಿನ ಬಟ್ಟಲು) ತಳದಿಂದ ಮೇಲಿನವರೆಗೂ ಪುಡಿಯನ್ನು ಕೆದಕಿ ಗಂಟು ಒಡೆದು ಸಮ ಮಾಡಿದೆ. ಆಮೇಲೆ ಪುಡಿ ಒತ್ತುವ ಟ್ಯಾಂಪರನ್ನು ಓರೆಯಾಗದಂತೆ ಒತ್ತಿದೆ. ಎಷ್ಟು ಜೋರಾಗಿ ಒತ್ತುತ್ತೀರಿ ಅನ್ನುವುದಕ್ಕಿಂತ ಮಟ್ಟಸವಾಗಿ ಒತ್ತುವುದು ಮುಖ್ಯ. ಆ ಒಗರು ಒಂದೇ ವಾರದಲ್ಲಿ ಹೋಯಿತು, ಆ ಖುಷಿ ಇನ್ನೂ ನೆನಪಿದೆ.

ಪೆಟ್ಟಿಗೆ ಮೇಲೆ 15 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಅಂತ ಬರೆದಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅದು ಪಂಪಿನ ಗರಿಷ್ಠ ಒತ್ತಡ, ಎಸ್ಪ್ರೆಸ್ಸೊಗೆ ಸುಮಾರು 9 ಬಾರ್ ಸಾಕು. ಅದಕ್ಕಿಂತ ಪೋರ್ಟಾಫಿಲ್ಟರ್ (ಬಾಸ್ಕೆಟ್ ಕೂರಿಸುವ ಲೋಹದ ಹಿಡಿಕೆ) ಬಿಸಿ ಇದೆಯಾ ನೋಡಿ. ಲೋಹ ತಣ್ಣಗಿದ್ದರೆ ಅದು ನೀರಿನ ಶಾಖ ಎಳೆದುಕೊಂಡು ಶಾಟ್ ಹುಳಿಯಾಗುತ್ತದೆ. ನಾನು ಪುಡಿ ಹಾಕುವ ಮೊದಲು ಬರೀ ನೀರು ಒಮ್ಮೆ ಹರಿಸಿ, ಒರೆಸಿಕೊಳ್ಳುತ್ತೇನೆ.

ಬೀಜ ಹುರಿದ ತಾರೀಖು ನೋಡಿ ತರುತ್ತೇನೆ. ಹುರಿದ ಮೂರನೇ ದಿನಕ್ಕೇ ಶಾಟ್ ತೆಗೆದರೆ ಗ್ಯಾಸಿನಿಂದಾಗಿ ಚಿಮ್ಮಿ ಚಿಮ್ಮಿ ಬರುತ್ತದೆ, ಹತ್ತು ದಿನ ಬಿಟ್ಟರೆ ಒಂದೇ ಸಮನೆ ಇಳಿಯುತ್ತದೆ. ಬೀಜ ಹಳೆಯದಾದಂತೆ ಶಾಟ್ ಬೇಗ ಸುರಿಯಲು ಶುರುವಾಗುತ್ತದೆ, ಆಗ ಒಂದು ಕ್ಲಿಕ್ ನುಣ್ಣಗೆ.

ಹಾಲಿನ ಕಥೆ ಬೇರೆಯೇ. ಫ್ರಿಜ್ಜಿನ ತಣ್ಣನೆ ಹಾಲನ್ನೇ ತೆಗೆದುಕೊಳ್ಳಿ, ನೊರೆ ಕಟ್ಟಲು ಹೊತ್ತು ಸಿಗುತ್ತದೆ. ಹಬೆ ಕೊಳವೆಯಲ್ಲಿ ನಿಂತ ನೀರನ್ನು ಮೊದಲು ಹೊರಗೆ ಬಿಟ್ಟು, ತುದಿಯನ್ನು ಹಾಲಿನ ಮೇಲ್ಮೈಗೆ ತಾಗಿದಂತೆ ಇಡುತ್ತೇನೆ. ಕಾಗದ ಹರಿದಂಥ ಸದ್ದು ಬರಬೇಕು, ನಾಲ್ಕೈದು ಸೆಕೆಂಡ್ ಅಷ್ಟೇ. ಪಾತ್ರೆ ಉಗುರುಬೆಚ್ಚಗಾಗುತ್ತಿದ್ದಂತೆ ತುದಿಯನ್ನು ಸ್ವಲ್ಪ ಮುಳುಗಿಸಿ, ಪಕ್ಕಕ್ಕೆ ಸರಿಸಿ, ಹಾಲು ಸುಳಿಯಂತೆ ತಿರುಗಲು ಬಿಡುತ್ತೇನೆ. ಕೈ ಇಡಲಾಗದಷ್ಟು ಬಿಸಿಯಾದ ಕೂಡಲೇ ನಿಲ್ಲಿಸಬೇಕು, ಅದು 60 ಡಿಗ್ರಿ ಹತ್ತಿರ. 70 ದಾಟಿದರೆ ಹಾಲಿನ ಸಿಹಿ ಹೋಗಿ ಕಾಯಿಸಿದ ವಾಸನೆ ಬರುತ್ತದೆ. ಕೊಳವೆಯನ್ನು ಆಗಲೇ ಒದ್ದೆ ಬಟ್ಟೆಯಿಂದ ಒರೆಸಿ, ಇನ್ನೊಮ್ಮೆ ಹಬೆ ಬಿಡಿ. ಒಣಗಿದ ಹಾಲು ಸುಲಭಕ್ಕೆ ಬಿಡುವುದಿಲ್ಲ. ಅಭ್ಯಾಸಕ್ಕೆ ಹಾಲು ಸುಮ್ನೆ ಹಾಳು ಮಾಡಬೇಡಿ, ತಣ್ಣೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿದರೆ ಅದೂ ಹೀಗೇ ನೊರೆ ಕಟ್ಟುತ್ತದೆ.

ನಾನು 36 ಗ್ರಾಂ ಶಾಟಿಗೆ 120 ಎಂಎಲ್ ಹಾಲು ಹಾಕುತ್ತೇನೆ. 200 ಹಾಕಿದಾಗ ಕಾಫಿಯ ರುಚಿ ಹಿಂದೆ ಸರಿಯಿತು. ಈಗ ಕಡಿಮೆ ಹುರಿದ ಬೀಜ ಹಿಡಿದು ಕೂತಿದ್ದೇನೆ, 36 ಗ್ರಾಂನಲ್ಲಿ ಹುಳಿ ಬಿಡುತ್ತಲೇ ಇರಲಿಲ್ಲ, ನಿನ್ನೆ 45ರವರೆಗೆ ಇಳಿಸಿದೆ. ಹಣ್ಣಿನ ಘಮ ಮೊದಲ ಸಲ ಗೊತ್ತಾಯಿತು.