ಚಾಟ್ ಆ್ಯಪ್‌ನ ಈವೆಂಟ್‌ಗಳನ್ನೂ ಟೆಸ್ಟ್‌ಗಳನ್ನೂ ಒಂದು ಹದಕ್ಕೆ ತಂದದ್ದು

ಹೊಸ ಮೆಸೇಜ್, ತಿದ್ದಿದ ಮೆಸೇಜ್, ರಿಯಾಕ್ಷನ್, ಟೈಪಿಂಗ್ ಎಲ್ಲವೂ ಸರ್ವರ್‌ನಿಂದ ಕ್ಲೈಂಟ್‌ಗೆ (ಬಳಕೆದಾರರ ಕೈಯಲ್ಲಿರುವ ಆ್ಯಪ್‌ಗೆ) ಈವೆಂಟ್ ಆಗಿಯೇ, ಅಂದರೆ ಏನಾಯಿತೆಂದು ತಿಳಿಸುವ ಸಣ್ಣ ಡೇಟಾ ಆಗಿಯೇ, ಹೋಗುತ್ತವೆ. ಫ್ರಂಟ್‌ಎಂಡ್‌ನ (ಕ್ಲೈಂಟ್ ಕಡೆಯ ಕೋಡ್‌ನ) ಒಂದೊಂದು ಟೆಸ್ಟ್ ಫೈಲೂ ತನಗೆ ಬೇಕಾದ ಈವೆಂಟನ್ನು ಕೈಯಾರೆ ಬರೆದುಕೊಂಡಿತ್ತು. ಹಾಗಾಗಿ ಸರ್ವರ್ ಒಂದು ಫೀಲ್ಡ್‌ನ ಹೆಸರು ಬದಲಿಸಿದರೂ ಟೆಸ್ಟ್‌ಗಳೆಲ್ಲ ಪಾಸ್, ಕೆಡುತ್ತಿದ್ದದ್ದು ಆ್ಯಪ್.

ಇದನ್ನು ತಡೆಯಲು ಪ್ರತಿ ಈವೆಂಟ್‌ಗೂ ಒಂದು ಸ್ಕೀಮಾ, ಅಂದರೆ ಅದರಲ್ಲಿ ಯಾವ ಫೀಲ್ಡ್‌ಗಳು ಹೇಗಿರಬೇಕೆಂಬ ನಿಯಮ, ಬೇಕಿತ್ತು. ಅದನ್ನು ಊಹಿಸಿ ಬರೆಯಲಿಲ್ಲ. ಈವೆಂಟ್ ಕಳಿಸುವ ಫಂಕ್ಷನ್ ಒಂದೇ ಇತ್ತು. ಸರ್ವರ್ ಟೆಸ್ಟ್‌ಗಳು ಓಡುವಾಗ ಅದರಿಂದ ಹೊರಡುವ ಪ್ರತಿ ಈವೆಂಟನ್ನೂ ಫೈಲಿಗೆ ಬರೆಸಿದೆ. ಟೈಪ್ (ಯಾವುದರ ಈವೆಂಟ್) ಮತ್ತು ಆಪ್ (ಸೇರಿಸುವುದು, ತೆಗೆಯುವುದು ಮುಂತಾದ ಕ್ರಿಯೆ) ನೋಡಿ ಗುಂಪು ಮಾಡಿ, ಒಂದೊಂದು ಗುಂಪಿನಲ್ಲಿ ಎಷ್ಟು ಬಗೆಯ ಕೀ-ಸೆಟ್ (ಫೀಲ್ಡ್ ಹೆಸರುಗಳ ಗುಚ್ಛ) ಇದೆ ಎಂದು ಎಣಿಸಿದೆ. ಒಂದೇ ಬಗೆಯಿದ್ದರೆ ಅದೇ ಸ್ಕೀಮಾ. ಎರಡು ಮೂರು ಬಗೆಯಿದ್ದಲ್ಲೇ ನಿಜವಾದ ಕೆಲಸ.

ರಿಯಾಕ್ಷನ್ ಅಂಥದ್ದು. ಸೇರಿಸುವಾಗ ಯೂಸರ್ ಐಡಿ ಬರೀ 7. ತೆಗೆಯುವಾಗ ಅದೇ 7 ಯೂಸರ್ ಎಂಬ ಆಬ್ಜೆಕ್ಟ್‌ನೊಳಗೆ. ಎರಡನ್ನೂ ಆಪ್ಷನಲ್ ಎಂದು ಬರೆದುಬಿಡಬೇಡಿ. ಆಗ ಎರಡೂ ಇಲ್ಲದ ಈವೆಂಟ್ ಕೂಡ ಪಾಸಾಗುತ್ತದೆ, ಸ್ಕೀಮಾ ಇದ್ದೂ ಇಲ್ಲದಂತೆ. ಸೇರಿಸುವಾಗಿನ ರೂಪವನ್ನೇ ಎರಡೂ ಕಡೆ ಕಡ್ಡಾಯ ಮಾಡಿ, ಹಳೆಯ ಕ್ಲೈಂಟ್‌ಗಳು ಬಳಕೆಯಲ್ಲಿರುವಷ್ಟು ದಿನ ಹಳೆಯ ಆಬ್ಜೆಕ್ಟನ್ನೂ ಜೊತೆಗೆ ಕಳಿಸಬೇಕಾಯಿತು.

ಪರೀಕ್ಷಿಸುವ ಮುಂಚೆ ಈವೆಂಟನ್ನು ಜೇಸನ್‌ಗೆ (ಸರ್ವರ್ ಡೇಟಾ ಕಳಿಸುವ ಪಠ್ಯರೂಪಕ್ಕೆ) ಬದಲಿಸಿ ಮತ್ತೆ ಓದಿಸಲೇಬೇಕು. ಪೈಥಾನ್ ಡಿಕ್ಟ್‌ನಲ್ಲಿ (ಕೀ ಮತ್ತು ಅದರ ಮೌಲ್ಯದ ಜೋಡಿಗಳಿರುವ ರಚನೆ) ಸಂಖ್ಯೆಯಾಗಿದ್ದ ಕೀ ಜೇಸನ್‌ನಲ್ಲಿ ಸ್ಟ್ರಿಂಗ್ ಆಗುತ್ತದೆ. 7 ಹೋಗಿ "7" ಬರುತ್ತದೆ. ಕ್ಲೈಂಟ್‌ಗೆ ಸಿಗುವುದು ಈ ಎರಡನೆಯದು.

ಆಮೇಲೆ ಮಾದರಿ ಈವೆಂಟ್‌ಗಳನ್ನೆಲ್ಲ ಒಂದೇ ಫೈಲಿಗೆ ತಂದೆ. ಸರ್ವರ್‌ನ ಸ್ಕೀಮಾ ಆ ಫೈಲನ್ನೂ ಪರೀಕ್ಷಿಸುತ್ತದೆ, ಫ್ರಂಟ್‌ಎಂಡ್ ಟೆಸ್ಟ್‌ಗಳೂ ಅದರಿಂದಲೇ ಈವೆಂಟ್ ತೆಗೆದುಕೊಳ್ಳುತ್ತವೆ. ಪ್ರತಿ ಸಲವೂ ಡೀಪ್ ಕಾಪಿ (ಒಳಗಿನದೆಲ್ಲ ಸೇರಿದ ಬೇರೆಯೇ ಪ್ರತಿ) ಕೊಡಿ. ಹ್ಯಾಂಡ್ಲರ್ (ಈವೆಂಟ್ ಬಂದಾಗ ಓಡುವ ಕೋಡ್) ಈವೆಂಟನ್ನೇ ತಿದ್ದಿದರೆ ಮುಂದಿನ ಟೆಸ್ಟ್ ಕೆಡುತ್ತದೆ, ಅದೂ ಎಷ್ಟೋ ಸಲ ಟೆಸ್ಟ್‌ಗಳು ಓಡುವ ಕ್ರಮ ಬದಲಾದಾಗ ಮಾತ್ರ. ಹುಡುಕಿ ಸಾಕಾಗುತ್ತದೆ.

ನನಗೆ ಅತಿ ಹೆಚ್ಚು ಬೆಲೆಯೆನಿಸುವುದು ಸ್ಟೇಟ್ (ಆ್ಯಪ್‌ನಲ್ಲಿ ಆ ಹೊತ್ತಿಗಿರುವ ಡೇಟಾ) ಹೋಲಿಸುವ ಟೆಸ್ಟ್. ಮೊದಲಿನ ಸ್ಟೇಟ್ ತೆಗೆದಿಟ್ಟು, ಕ್ರಿಯೆ ನಡೆಸಿ, ಬಂದ ಈವೆಂಟ್‌ಗಳನ್ನು ಆ ಸ್ಟೇಟ್‌ಗೆ ಅನ್ವಯಿಸಿ; ಡೇಟಾಬೇಸ್‌ನಿಂದ ಹೊಸದಾಗಿ ಓದಿದ ಸ್ಟೇಟ್‌ಗೆ ಅದು ಸರಿಹೊಂದಬೇಕು. ಕ್ರಮಕ್ಕೆ ಅರ್ಥವಿಲ್ಲದ ಲಿಸ್ಟ್‌ಗಳನ್ನು ಎರಡೂ ಕಡೆ ಸಾರ್ಟ್ ಮಾಡಿ, ಇಲ್ಲದಿದ್ದರೆ ಟೆಸ್ಟ್ ಒಮ್ಮೆ ಪಾಸ್, ಒಮ್ಮೆ ಫೇಲ್. ಕ್ರಿಯೆಯ ನಂತರವೂ ಸ್ಟೇಟ್ ಬದಲಾಗದಿದ್ದರೆ ಟೆಸ್ಟ್ ಫೇಲ್ ಆಗುವಂತೆ ಇಡಿ. ಮೊದಲೇ ಆನ್ ಇದ್ದ ಸೆಟ್ಟಿಂಗನ್ನು ಮತ್ತೆ ಆನ್ ಮಾಡಿ ಪಾಸಾಗುತ್ತಿದ್ದ ಟೆಸ್ಟ್‌ಗಳು ಸಿಕ್ಕಿಬಿದ್ದದ್ದು ಇದರಿಂದಲೇ. ಟೈಪಿಂಗ್‌ನಂಥ ಈವೆಂಟ್ ಸ್ಟೇಟನ್ನು ಮುಟ್ಟುವುದಿಲ್ಲ. ಅಂಥವಕ್ಕೆ ಮಾತ್ರ ವಿನಾಯಿತಿಯನ್ನು ಆಯಾ ಟೆಸ್ಟ್‌ನಲ್ಲೇ ಬರೆದಿಡಿ.